ಹತ್ತೊಂಬತ್ತು ಚಿಟ್ಟೆಗಳ ಬಿಡುಗಡೆ

ಚಿಟ್ಟೆಮಾವ ಮೆಟ್ಟಿಲ ಮೇಲೆ ಬಾಯಿ ಬಿಡದಿದ್ದರೆ ಏನೂ ಆಗುತ್ತಿರಲಿಲ್ಲ. ಶನಿವಾರ ಸಂಜೆ ಕೆಳಮನೆಯ ಟೀಚರಮ್ಮ ಎದುರಾದಾಗ ಖುಷಿ ತಡೆಯಲಾರದೆ ಹೇಳಿಬಿಟ್ಟರು: ನಾಳೆ ಹಿಂದಿನ ಬಯಲಿಗೆ ನಮ್ಮ ಕೀಟಾಲಯದ ನಿರ್ದೇಶಕರು ಬರುತ್ತಾರೆ, ಚಿಟ್ಟೆ ಬಿಡುತ್ತೇವೆ.

ಮಾವ ಅಲ್ಲಿ ಹುಳ ಸಾಕುವವರು. ಸುತ್ತಮುತ್ತ ಎಲ್ಲೂ ಉಳಿದಿಲ್ಲವೆಂದು ತಜ್ಞರು ಕೈಬಿಟ್ಟಿದ್ದ ಒಂದು ಪುಟ್ಟ ನೀಲಿ ಚಿಟ್ಟೆಯನ್ನು ದೂರದೂರಿನಿಂದ ತಂದ ಮೊಟ್ಟೆಗಳಿಂದ ಬೆಳೆಸುತ್ತಿದ್ದರು. ಅದರ ಹುಳ ತಿನ್ನುವುದು ಒಂದೇ ಒಂದು ಕಳೆಗಿಡವನ್ನು. ಆ ಕಳೆಯನ್ನು ಮನೆ ಹಿಂದಿನ ಬಯಲಿನಲ್ಲಿ ಆರು ವರ್ಷ ಬೆಳೆಸಿದ್ದರು. ಹಾವು ಬರುತ್ತೆ, ಸೊಳ್ಳೆ ಬರುತ್ತೆ ಎಂದು ನೆರೆಯವರು ಜಗಳವಾಡಿದಾಗಲೆಲ್ಲ ಹೆಂಡತಿ ಅಡ್ಡ ನಿಂತು ಕಳೆಯನ್ನು ಕಾಪಾಡಿದ್ದಳು. ಒಂದಾದರೂ ಹಾರುವುದನ್ನು ನೋಡಬೇಕು ಎನ್ನುತ್ತಿದ್ದವಳು ಹೋದ ವರ್ಷ ತೀರಿಕೊಂಡಳು.

ಭಾನುವಾರ ಮಧ್ಯಾಹ್ನ, ಹೆರಿಗೆ ಆಸ್ಪತ್ರೆಯಿಂದ ಮಗುವನ್ನು ತರುವವರಂತೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮಾವ ಬಸ್ಸಿಳಿದರು. ಒಳಗೆ ಹತ್ತೊಂಬತ್ತು ಚಿಟ್ಟೆಗಳು. ಅವುಗಳ ಆಯುಸ್ಸು ಐದೇ ದಿನ.

ಬಯಲು ಆಗಷ್ಟೇ ಕ್ಷೌರ ಮಾಡಿಸಿಕೊಂಡ ತಲೆಯಂತೆ ಹೊಳೆಯುತ್ತಿತ್ತು. ಒಂದು ಕಡ್ಡಿಯೂ ಇರಲಿಲ್ಲ. ಮಾವ ಚಿಟ್ಟೆ ತರಲು ಹೋದಾಗ ಇಡೀ ಕಟ್ಟಡದವರು ಸೇರಿ ಕಳೆ ಕೊಯ್ದು ಕಸದ ಲಾರಿಗೆ ತುಂಬಿದ್ದರು. ಈಗ ಸಾಲಾಗಿ ನಿಂತು ಹೊಗಳಿಕೆಗೆ ಕಾಯುತ್ತಿದ್ದರು.

"ಆರು ವರ್ಷ ನಿಮ್ಮನ್ನ ಬೈದದ್ದೇ ಆಯ್ತು," ಎಂದರು ಟೀಚರಮ್ಮ. "ದೊಡ್ಡವರು ಬರೋ ದಿನ ನಿಮ್ಮ ಮರ್ಯಾದೆ ಹೋಗಬಾರದು ಅಂತ ಎಲ್ಲರೂ ಕೈ ಹಾಕಿದ್ವಿ."

ಅವರ ಬೆರಳಿಗೆ ಕುಡುಗೋಲು ತಾಗಿ ಬಟ್ಟೆ ಸುತ್ತಿತ್ತು. ಆ ಬಟ್ಟೆಯನ್ನು ನೋಡಿದ ಮೇಲೆ ಮಾವನಿಗೆ ಬೈಯಲು ಬಾಯಿ ಬರಲಿಲ್ಲ. ತುಂಬಾ ಚೆನ್ನಾಗಿದೆ ಎಂದು ಹೇಳಿ, ಗೋಡೆಯ ಮರೆಗೆ ಹೋಗಿ ಕಣ್ಣೊರೆಸಿಕೊಂಡರು.

ಟೀಚರಮ್ಮ ಹಿಂದೆಯೇ ಹೋಗಿ ವಿಚಾರಿಸಿದ ಮೇಲೆ, ಆ ಕಳೆಯಿಲ್ಲದೆ ಚಿಟ್ಟೆ ಬಾಳದೆಂದು ತಿಳಿದ ನೆರೆಯವರು ಗಾಬರಿಯಾಗಿ ಮತ್ತೆ ಸಹಾಯಕ್ಕಿಳಿದರು. ಒಬ್ಬರು ಗುಲಾಬಿ ಕುಂಡ ಹೊತ್ತು ತಂದರು. ಮೂರನೇ ಮಹಡಿಯವರು ಪ್ಲಾಸ್ಟಿಕ್ ಹೂಗಳನ್ನು ತಂದು, ಬಣ್ಣ ನೀಲಿಯೇ ಅಲ್ಲವೇ ಎಂದು ಕೇಳಿದರು. ಪೆಟ್ಟಿಗೆಯೊಳಗೆ ಎರಡು ಚಿಟ್ಟೆ ಆಗಲೇ ಪಕ್ಕಕ್ಕೆ ವಾಲಿದ್ದವು. ನಿರ್ದೇಶಕರು ನಾಲ್ಕಕ್ಕೆ ಬರುವವರಿದ್ದರು. ಆ ಕಳೆ ಇನ್ನೆಲ್ಲಾದರೂ ಇದೆಯೇ ಎಂದು ಮಾವ ಬೀದಿ ಬೀದಿ ಅಲೆದರು.

ನಾಲ್ಕನೇ ಬೀದಿಯಲ್ಲಿ ಮುಚ್ಚಿಹೋದ ಸಾಬೂನು ಕಾರ್ಖಾನೆ. ಗೋಡೆಯ ಬಿರುಕಿನಿಂದ ಅದೇ ಎಲೆ ಹೊರಗೆ ಇಣುಕುತ್ತಿತ್ತು. ಮಾವ ಗೇಟು ಬಡಿದರು. ಮುದಿ ಕಾವಲುಗಾರ ಗೊಣಗುತ್ತ ಬಾಗಿಲು ತೆಗೆದ.

ಒಳಗೆ ಸೊಂಟದೆತ್ತರ ಕಳೆ. ಅದರ ಮೇಲೆ ನೂರಾರು ನೀಲಿ ಚಿಟ್ಟೆಗಳು, ಅವೇ.

"ಇವು ಯಾವಾಗಿಂದ ಇವೆ?"

"ನಾನು ಬಂದಾಗಿಂದ. ಇಪ್ಪತ್ತು ವರ್ಷ ಆಯ್ತು. ಬಟ್ಟೆ ಒಣಗಹಾಕಿದ್ರೆ ಅದರ ಮೇಲೇ ಕೂರ್ತವೆ."

ತಜ್ಞರು ಕಾಡು, ಬೆಟ್ಟ ಎಲ್ಲ ಜಾಲಾಡಿದ್ದರು. ಈ ಗೇಟನ್ನು ಮಾತ್ರ ಯಾರೂ ತಟ್ಟಿರಲಿಲ್ಲ. ಮಾವ ಅಲ್ಲೇ ಕಲ್ಲಿನ ಮೇಲೆ ಕೂತರು. ಆರು ವರ್ಷದಲ್ಲಿ ಯಾವುದೋ ಒಂದು ಸಂಜೆ ಹೆಂಡತಿಯ ಕೈ ಹಿಡಿದು ನಾಲ್ಕು ಬೀದಿ ನಡೆದಿದ್ದರೆ ಸಾಕಿತ್ತು. ಹುಳಕ್ಕೆ ಮೇವು ಹಾಕುವ ಹೊತ್ತಾಯಿತೆಂದು ಎಲ್ಲಿಗೂ ಹೋಗಿರಲಿಲ್ಲ.

ಪೆಟ್ಟಿಗೆ ತೆರೆದರು. ವಾಲಿದ್ದ ಎರಡೂ ತಡವರಿಸಿ ಎದ್ದವು. ಅರೆಗಳಿಗೆಯಲ್ಲಿ ಹತ್ತೊಂಬತ್ತೂ ಗುಂಪಿನಲ್ಲಿ ಬೆರೆತುಹೋದವು. ಯಾವುದು ತಮ್ಮದೆಂದು ಮಾವನಿಗೆ ಗೊತ್ತಾಗಲಿಲ್ಲ.

ಸುಮ್ಮನಿರಬಹುದಿತ್ತು. ಆದರೆ ನಾಳೆ ಯಾರೋ ಈ ಗೋಡೆ ಕೆಡವಿದರೆ ಕೇಳುವವರಿರುವುದಿಲ್ಲ. ನಿರ್ದೇಶಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು.

ಅವರಿಗೆ ಸಂತೋಷವೇ ಆಯಿತು. ಆ ಜಾಗ ಉಳಿಸಲು ಇವತ್ತೇ ಬರೆಯುತ್ತೇನೆ ಎಂದರು. "ಆದ್ರೆ ನೋಡಿ, ಚಿಟ್ಟೆ ಅಳಿದೇ ಇಲ್ಲ ಅಂದ್ಮೇಲೆ ಮರಳಿ ತರೋದಾದ್ರೂ ಏನನ್ನ? ಯೋಜನೆ ಮುಗೀತು. ನಾಳೆ ಬಂದು ಕೀಟಾಲಯದ ಕೀಲಿಕೈ ಕೊಟ್ಟುಬಿಡಿ," ಎಂದರು.

ಮಾವ ಖಾಲಿ ಪೆಟ್ಟಿಗೆ ಎತ್ತಿಕೊಂಡರು. ಕಾವಲುಗಾರ ಗೇಟಿನವರೆಗೆ ಬಂದ. ಎಷ್ಟೋ ವರ್ಷದ ಮೇಲೆ ಅವನಿಗೆ ಮಾತಿಗೊಬ್ಬರು ಸಿಕ್ಕಿದ್ದರು.

"ನಾಳೆ ಬರ್ತೀರಾ?"

"ಕೀಲಿಕೈ ಕೊಟ್ಟು ಬರ್ತೀನಪ್ಪ," ಎಂದರು ಮಾವ. "ಆಮೇಲೆ ದಿನಾ ಬರ್ತೀನಿ. ಬೇರೆ ಕೆಲಸ ಇಲ್ಲ."