ಆಯೇರದ ಸೀರೆಯೂ ಮೊದಲ ಮಹಾಯುದ್ಧವೂ

ಸತ್ತವರ ಜಗಳವನ್ನು ಬದುಕಿರುವವರಿಗೆ ಬಿಡಿಸಿ ಹೇಳುವುದೇ ಇತಿಹಾಸದ ಮಾಸ್ತರನ ಕೆಲಸ. ಅದಕ್ಕೆ ಪಗಾರ ಉಂಟು. ಬದುಕಿರುವವರ ಜಗಳ ಬಿಡಿಸುವುದಕ್ಕೆ ಪಗಾರವೂ ಇಲ್ಲ, ಸೂಟಿಯೂ ಇಲ್ಲ. ಆದ್ದರಿಂದ ನಾನು ಆ ಉಸಾಬರಿಗೆ ಹೋದವನಲ್ಲ. ದಿನಾ ಗೋಕಾಕದಿಂದ ಬಸ್ಸು ಹತ್ತಿ ಕುಲಗೋಡದ ಹೈಸ್ಕೂಲಿಗೆ ಹೋಗುತ್ತೇನೆ, ಹತ್ತನೆಯ ತರಗತಿಗೆ ಮೊದಲ ಮಹಾಯುದ್ಧದ ಪಾಠ ಮಾಡುತ್ತೇನೆ, ಮತ್ತೆ ಬಸ್ಸು ಹತ್ತಿ ಮನೆಗೆ ಬರುತ್ತೇನೆ. ಈ ವರ್ಷ ಮನೆಯಲ್ಲೂ ಒಂದು ಯುದ್ಧ ನಡೆದಿತ್ತು. ಒಂದು ಕಡೆ ನನ್ನ ಹೆಂಡತಿ, ಇನ್ನೊಂದು ಕಡೆ ಬೆಲ್ಲದ ಬಾಗೇವಾಡಿಯಲ್ಲಿರುವ ನನ್ನ ಅಕ್ಕ.

ಕಾರಣ ಒಂದು ಸೀರೆ. ನಮ್ಮ ಕಡೆ ಮದುವೆ, ಜವಳ, ಮನೆಯ ಶಾಂತಿ ಏನೇ ಇರಲಿ, ಬಂದ ಬೀಗರು ಬಿಜ್ಜರು ಬಟ್ಟೆ ತರಬೇಕು, ಮನೆಯವರೂ ಅವರಿಗೆ ಬಟ್ಟೆ ಕೊಟ್ಟು ಆಯೇರ ಮಾಡಬೇಕು. ಆಯೇರದ ಸೀರೆಯನ್ನು ಯಾರೂ ಉಡುವುದಿಲ್ಲ. ತಿಜೋರಿಯಲ್ಲಿಟ್ಟು, ಮುಂದೆ ಯಾರದೋ ಆಯೇರಕ್ಕೆ ಸಾಗಹಾಕುತ್ತಾರೆ. ಕೆಲವು ಸೀರೆಗಳು ನನಗಿಂತ ಹೆಚ್ಚು ಊರು ತಿರುಗಿವೆ. ನನ್ನ ಮಗನ ಮೊದಲ ಕೂದಲು ತೆಗೆಸಿದ ಜವಳದಲ್ಲಿ ಅಕ್ಕ ನನ್ನ ಹೆಂಡತಿಗೆ ಒಂದು ಗಿಳಿಹಸಿರು ಸೀರೆ ಕೊಟ್ಟಿದ್ದಳು. ಹೆಂಡತಿ ಅದನ್ನು ಅಂಕಲಗಿಯ ತನ್ನ ತಂಗಿಗೆ ದಾಟಿಸಿದಳು. ಅವಳು ಯಾರಿಗೆ ಕೊಟ್ಟಳೋ, ಅವರು ಇನ್ಯಾರಿಗೆ ಕೊಟ್ಟರೋ, ನಮ್ಮ ಹೊಸ ಮನೆಯ ವಾಸ್ತುಶಾಂತಿಯ ದಿನ ಆ ಸೀರೆ ತಿರುಗಿ ನಮ್ಮ ಮನೆಗೇ ಬಂತು. ಗಡಿಬಿಡಿಯಲ್ಲಿ ಹೆಂಡತಿ ಅದನ್ನೇ ಎತ್ತಿ ಅಕ್ಕನ ಕೈಗಿಟ್ಟಳು. ಸೆರಗಿನ ಮೇಲಿನ ನವಿಲಿಗೆ ಒಂದೇ ಕಾಲು, ನೇಯ್ದವನ ತಪ್ಪು. ಅಕ್ಕ ಕೂಡಲೇ ಗುರುತು ಹಿಡಿದಳು.

“ನಾ ಕೊಟ್ಟ ಸೀರಿ ನನಗ ಹೊಳ್ಳಿ ಕೊಡ್ತಿಯೇನವಾ?” ಅಂದಳು.

“ಕುಂಟ ನವಿಲಿನ ಸೀರಿ ಮೊದಲ ಕೊಟ್ಟವ್ರ ಯಾರ್ರಿ?” ಅಂದಳು ನನ್ನ ಹೆಂಡತಿ.

ಅಕ್ಕ ಉಣ್ಣದೆ ಎದ್ದು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು. ನಾನು ಹೋಳಿಗೆಯ ಬುಟ್ಟಿ ಹಿಡಿದು, ಆಗಲೇ ಬಡಿಸಿ ಮುಗಿದಿದ್ದ ಪಂಕ್ತಿಗೆ ಎರಡನೆಯ ಸಲ ಬಡಿಸಲು ಹೋದೆ.

ಅಂದಿನಿಂದ ಹೆಂಡತಿ “ನಿಮ್ಮ ಅಕ್ಕಾರಿಗೆ ಹೇಳ್ರಿ” ಅನ್ನುವಳು, ಅಕ್ಕ ಫೋನಿನಲ್ಲಿ “ನಿನ್ನ ಹೇಣ್ತಿಗೆ ಹೇಳು” ಅನ್ನುವಳು. ನಾನು ಯಾರಿಗೂ ಏನೂ ಹೇಳಲಿಲ್ಲ. ತಟಸ್ಥ ನೀತಿ. ಹೀಗೆ ಸುಖವಾಗಿ ಹೇಡಿಯಾಗಿದ್ದಾಗ ನಾಗರ ಪಂಚಮಿ ಹತ್ತಿರ ಬಂತು. ಪಂಚಮಿಗೆ ಅಕ್ಕನನ್ನು ತವರಿಗೆ ಕರೆತರಬೇಕಾದವನು ನಾನು. ಅವ್ವ ಹೋದಾಗ ನಾನಿನ್ನೂ ಎರಡನೆಯ ಇಯತ್ತೆ. ತಲೆಗೆ ಎಣ್ಣೆ ಹಚ್ಚಿ, ಬಾಚಿ, ನನ್ನನ್ನು ಶಾಲೆಗೆ ಕಳಿಸಿದವಳು ಅಕ್ಕ. ಅವಳು ಉಂಡಿ ಕಟ್ಟಿ ನನ್ನ ಕೈಗೆ ಕೊಡದ ಪಂಚಮಿ ಒಂದೂ ಇಲ್ಲ. ಕರೆದರೆ ಹೆಂಡತಿಗೆ ಸಿಟ್ಟು, ಕರೆಯದಿದ್ದರೆ ಅಕ್ಕ ಜನ್ಮದಲ್ಲಿ ನನ್ನ ಹೊಸ್ತಿಲು ತುಳಿಯುವುದಿಲ್ಲ. ನನಗೆ ಊಟ ಸೇರದಾಯಿತು.

ಅದೇ ವಾರ ತರಗತಿಯಲ್ಲಿ ಮಕ್ಕಳು ಒಂದೇ ಪ್ರಶ್ನೆಗೆ ಗಂಟುಬಿದ್ದರು. ಎಲ್ಲೋ ಸರಾಯೇವೊದಲ್ಲಿ ಒಬ್ಬ ಯುವರಾಜನನ್ನು ಕೊಂದರೆ ಲೋಕವೆಲ್ಲ ಯಾಕೆ ಬಡಿದಾಡಬೇಕು? ಇಂಗ್ಲೆಂಡಿನ ದೊರೆ, ಜರ್ಮನಿಯ ಚಕ್ರವರ್ತಿ, ರಷ್ಯಾದ ಝಾರ್ ಮೂವರೂ ಒಬ್ಬರಿಗೊಬ್ಬರು ಸಂಬಂಧಿಕರೇ ಎಂದೆ. “ಹಂಗಾರ ಜಗಳ ಆಗಾಕಬೇಕ ಬಿಡ್ರಿ ಸರ್ರ” ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಆ ಉತ್ಸಾಹದಲ್ಲಿ, ಮೂಡಲಗಿಯ ಯಾರದೋ ಮನೆಯ ಕತೆ ಅಂತ ಹೇಳಿ, ಸೀರೆಯ ಪ್ರಸಂಗವನ್ನು ಬಿಚ್ಚಿದೆ. ಸೀರೆ ತಕ್ಷಣದ ಕಾರಣ, ಬಹಳ ದಿನದಿಂದ ಒಳಗೇ ಕುದಿಯುವ ಸಿಟ್ಟು ಮೂಲ ಕಾರಣ. ತರಗತಿಗೆ ಜೀವ ಬಂತು. ಹುಡುಗಿಯರು ಅಕ್ಕನ ಪಕ್ಷ, ಹುಡುಗರು ಹೆಂಡತಿಯ ಪಕ್ಷ. ನಡುವೆ ಕುರಿ ಸಾಕುವ ಮನೆಯ ಮಾಳವ್ವ ಎದ್ದು ನಿಂತಳು.

“ಸರ್ರ, ಆ ತಮ್ಮ ಏನ್ ಮಾಡಾಕತ್ತಿದ್ದಾರಿ?”

“ಅವ ತಟಸ್ಥ ಇದ್ದ. ಬೆಲ್ಜಿಯಂ ಇದ್ದಂಗ.”

“ದಂಡು ಬಂದಾಗ ಬೆಲ್ಜಿಯಂ ಎದ್ದ ಹೊಡದಾಡ್ತು ಅಂತ ನೀವ ನಿನ್ನೆ ಹೇಳೀರಲ್ರಿ. ಈ ತಮ್ಮ ಬೆಲ್ಜಿಯಂ ಅಲ್ರಿ, ಅಂಜುಬುರಕ.”

ಎರಡೂ ಪಕ್ಷದವರು ಒಕ್ಕೊರಲಿನಿಂದ “ಹೌದ್ರಿ ಸರ್ರ” ಅಂದರು. ನಾನು ಕರಿ ಫಳಿಯ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ರವಿವಾರ ಧೈರ್ಯ ಮಾಡಿ, ಹೆಂಡತಿಗೆ ಹೇಳದೆ, ಬೆಲ್ಲದ ಬಾಗೇವಾಡಿಗೆ ಹೋದೆ. ಸೀರೆಯ ವಿಷಯದಲ್ಲಿ ಇಬ್ಬರದೂ ಎಷ್ಟೆಷ್ಟು ತಪ್ಪು ಎಂದು ದಾರಿಯುದ್ದಕ್ಕೂ ಭಾಷಣ ಹೊಂದಿಸಿಕೊಂಡಿದ್ದೆ. ಅಕ್ಕ ಅದನ್ನು ಶುರು ಮಾಡಲೂ ಬಿಡಲಿಲ್ಲ.

“ಸೀರಿ ಹಾಳಾಗ ಹೋಗ್ಲೋ ತಮ್ಮಾ. ಉಣ್ಣದ ಎದ್ದ ಹೋದ್ನಿ, ‘ಅಕ್ಕಾ, ನಿಂದ್ರ’ ಅಂತ ಒಂದ ಮಾತ ಅನಲಿಲ್ಲಲ್ಲೋ ನೀ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಕಣ್ಣೂ ತುಂಬಿ ಬಂತು. ಅವಳ ಚೀಲ ಎತ್ತಿಕೊಂಡು, ಅವಳನ್ನು ಮುಂದೆ ಮಾಡಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ.

ಮನೆ ಮುಟ್ಟಿದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. ನಾನು ಇಬ್ಬರ ನಡುವೆ ನಿಲ್ಲಲು ಸಜ್ಜಾದೆ. ಈ ಸಲ ಓಡುವವನಲ್ಲ. ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ ಚೀಲ ಇಸಿದುಕೊಂಡಳು.

“ಬರ್ರಿ ಅಕ್ಕಾರ. ಇವ್ರು ಎಂದ ಕರಕೊಂಡ ಬರ್ತಾರ ಅಂತ ನಾನೂ ದಾರಿ ನೋಡಾಕತ್ತೇನಿ. ಒಂದ ದಿನಾರ ಬಾಯಿ ಬಿಡಬೇಕಿಲ್ಲೋ?”

“ಸಣ್ಣಂವ ಇದ್ದಾಗಿಂದ ಹಂಗ ನೋಡವಾ ಇವ” ಎಂದಳು ಅಕ್ಕ.

ಉಂಡಿಯ ಪಾಕ ಬರುವಷ್ಟರಲ್ಲಿ ಒಪ್ಪಂದ ಮುಗಿದಿತ್ತು. ಯುದ್ಧಕ್ಕೆ ಪೂರ್ತಿ ಹೊಣೆ ನಾನೊಬ್ಬನೇ. ದಂಡ, ಇಬ್ಬರಿಗೂ ಒಂದೊಂದು ಹೊಸ ಸೀರೆ, ನಾನೇ ಗೋಕಾಕದ ಪ್ಯಾಟಿಗೆ ಹೋಗಿ ತರಬೇಕು. ಮಾತುಕತೆಗೆ ನನ್ನನ್ನು ಯಾರೂ ಅಡಿಗೆಮನೆಯೊಳಗೆ ಕರೆಯಲಿಲ್ಲ. ಅಕ್ಕ ಹೊರಗೆ ಬಂದು ಒಂದು ಉಂಡಿ ಕೈಗಿಟ್ಟು, ಮತ್ತೆ ಒಳಗೆ ಹೋದಳು.

ಹಬ್ಬ ಮುಗಿದ ಮೇಲೆ ವರ್ಸೇಲ್ಸ್ ಒಪ್ಪಂದದ ಪಾಠ. ಗೆದ್ದವರು ಕೂಡಿ ಎಲ್ಲ ತಪ್ಪನ್ನೂ ಜರ್ಮನಿಯ ತಲೆಗೆ ಕಟ್ಟಿದ್ದು, ದಂಡ ಹೇರಿದ್ದು, ಅದರ ಮಾತನ್ನು ಒಬ್ಬರೂ ಕೇಳದಿದ್ದದ್ದು, ಇದೆಲ್ಲ ಎಂಥ ಅನ್ಯಾಯ ಎಂದು ನಾನು ಹಿಂದೆಂದೂ ಇಲ್ಲದ ಆವೇಶದಿಂದ ಹೇಳಿದೆ. ಗಂಟೆ ಹೊಡೆದದ್ದೂ ಕೇಳಿಸಲಿಲ್ಲ. ಮಕ್ಕಳು ಹೊರಗೆ ಹೋಗುವಾಗ ಮಾಳವ್ವ ಬಾಗಿಲಲ್ಲಿ ನಿಂತು ಕೇಳಿದಳು:

“ಸರ್ರ, ಅಕ್ಕಾರು ಪಂಚಮಿಗೆ ಬಂದಿದ್ರೇನ್ರಿ?”

“ಬಂದಿದ್ಲವಾ” ಅಂದೆ, ಬಾಯ್ತುಂಬ. ಅವಳು ನಗುತ್ತ ಮೆಟ್ಟಿಲಿಳಿದು ಹೋದ ಮೇಲೆ ನೆನಪಾಯಿತು, ನಾನು ಹೇಳಿದ್ದು ಮೂಡಲಗಿಯ ಯಾರದೋ ಮನೆಯ ಕತೆ.