ಹರಿಹರದ ಊಟಕ್ಕೆ ಕ್ಯಾನ್ಸರ್ ಬರತಕ್ಕದ್ದಲ್ಲ

೧೯೬೧ನೇ ಇಸವಿಯಲ್ಲಿ ಹರಿಹರದಲ್ಲಿ ಯಾರೂ ಕ್ಯಾನ್ಸರಿನಿಂದ ಸಾಯಲಿಲ್ಲ. ಒಂಬತ್ತು ಮೈಲಿ ಆಚೆಯ ದಾವಣಗೆರೆಯಲ್ಲಿ ಹನ್ನೊಂದು ಮಂದಿ ಸತ್ತರು. ಯಾವ ಊರಿನವರು ಏನು ತಿಂದು ಯಾವ ರೋಗದಿಂದ ಸಾಯುತ್ತಾರೆಂದು ತಿಳಿಯಲು ಹರಿಹರದಲ್ಲಿ ತೆರೆದಿದ್ದ ಆಹಾರ-ಮರಣ ಕಚೇರಿಯ ಹೆಡ್ ಕ್ಲಾರ್ಕ್ ವಾಮದೇವಪ್ಪನವರು, ಇದಕ್ಕೆ ಊಟವೇ ಕಾರಣವೆಂದು ವರದಿ ಬರೆದರು. ಎರಡೂ ಊರಿನವರು ತಿನ್ನುವುದು ಅದೇ ಜೋಳದ ರೊಟ್ಟಿ, ಅದೇ ಮಂಡಕ್ಕಿ ಮೆಣಸಿನಕಾಯಿ. ಆದಕಾರಣ ವ್ಯತ್ಯಾಸವು ತಿನ್ನುವ ಸ್ಥಳದಲ್ಲಿದೆ ಎಂದು ಎರಡನೇ ಪುಟದಲ್ಲಿ ಸ್ಪಷ್ಟಪಡಿಸಿದರು. ದಾವಣಗೆರೆಯಲ್ಲಿ ಸಾವಿನ ಕಾರಣವನ್ನು ಡಾಕ್ಟರು ಬರೆಯುತ್ತಿದ್ದರು. ಹರಿಹರದಲ್ಲಿ ಕಚೇರಿಯ ಜವಾನ ಬೋರಣ್ಣ ಮನೆಯವರನ್ನು ಕೇಳಿ "ಹೊಟ್ಟೆನೋವು" ಅಥವಾ "ಕಾಲ ಬಂತು" ಎಂದು ಬರೆಯುತ್ತಿದ್ದ. ಈ ಅಂಶ ಅಪ್ರಸ್ತುತವಾದ್ದರಿಂದ ಕೈಬಿಡಲಾಯಿತು. ಮೇಲಧಿಕಾರಿಗಳು ಮೆಚ್ಚಿ ಆದೇಶ ಹೊರಡಿಸಿದರು: ಹರಿಹರದ ಸರಹದ್ದಿನೊಳಗೆ ಊಟ ಮಾಡುವವರಿಗೆ ಕ್ಯಾನ್ಸರ್ ಬರತಕ್ಕದ್ದಲ್ಲ.

ಮರುವರ್ಷ ಹರಿಹರದ ದರ್ಜಿ ಮಕ್ತುಮ್ ಸಾಬ್‌ರಿಗೆ ರೊಟ್ಟಿ ನುಂಗಲಾಗದಾಯಿತು. ದಾವಣಗೆರೆಯ ಡಾಕ್ಟರು ಗಂಟಲಿನ ಕ್ಯಾನ್ಸರ್ ಎಂದು ಚೀಟಿ ಬರೆದು, ಬೇಗ ಬೆಂಗಳೂರಿಗೆ ಹೋದರೆ ಜೀವ ಉಳಿದೀತು ಎಂದರು. ಅಲ್ಲಿನ ಆಸ್ಪತ್ರೆಯಲ್ಲಿ ಬಡವರಿಗಿಟ್ಟ ಧರ್ಮದ ಹಾಸಿಗೆಗೆ ಆಹಾರ-ಮರಣ ಕಚೇರಿಯ ಪತ್ರ ಬೇಕಿತ್ತು. ಹೆಂಡತಿ ಖತೀಜಾಬೀ ಜೊತೆ ಬಂದ ಅವರನ್ನು ವಾಮದೇವಪ್ಪನವರು ಮರ್ಯಾದೆಯಿಂದ ಕೂರಿಸಿ, ಆದೇಶವನ್ನು ಪೂರ್ತಿ ಓದಿ ಹೇಳಿದರು.

"ಗಂಟಲು ನಂದು ಸಾರ್, ಊರಿನದ್ದಲ್ಲ," ಎಂದರು ಮಕ್ತುಮ್ ಸಾಬ್, ಕಷ್ಟಪಟ್ಟು.

"ಖರೆ ಐತ್ರಿ ಸಾಬ್ರೆ. ಆದ್ರ ನಿಮಗೆ ಪತ್ರ ಕೊಟ್ರೆ ಊರಿಗೇ ರೋಗ ಬಂದಂಗಾಗ್ತದೆ."

ದಾವಣಗೆರೆಯವರಾದರೆ ಕೊಡಬಹುದೇ ಎಂದು ಖತೀಜಾಬೀ ಕೇಳಿದರು. ಕೊಡಬಹುದಿತ್ತು, ಆದರೆ ಅಲ್ಲಿ ಮೂರು ತಿಂಗಳು ಉಂಡ ಬಗ್ಗೆ ದಾಖಲೆ ಇರಬೇಕಿತ್ತು.

"ಮೂರು ತಿಂಗಳು ಇವ್ರು ಇರಬೇಕಲ್ರಿ," ಎಂದರು ಆಕೆ.

ವಾಮದೇವಪ್ಪನವರು ಕನಿಕರವಿಲ್ಲದವರಲ್ಲ. ನಿಯಮಾವಳಿ ತಿರುವಿಹಾಕಿ, ಸರಿಯಾಗಿ ಉಣ್ಣಲಾಗದವರಿಗೆ ಮೂರು ತಿಂಗಳ ಬದಲು ಮೂರು ಊಟ ಸಾಕೆಂಬ ವಿನಾಯಿತಿ ಹುಡುಕಿದರು. ಗಂಜಿಯೂ ನಡೆಯುತ್ತಿತ್ತು.

ಅವತ್ತೇ ಗಂಡ ಹೆಂಡತಿ ದಾವಣಗೆರೆಯಲ್ಲಿದ್ದ ಆಕೆಯ ತಂಗಿ ನಸೀಮಾ ಮನೆಗೆ ಹೋದರು. ಮಕ್ತುಮ್ ಸಾಬ್ ಮೂರು ಹೊತ್ತು ಗಂಜಿ ಕುಡಿದರು. ಪಕ್ಕದ ಹೋಟೆಲಿನ ಕೊಟ್ಟೂರಪ್ಪ ನೋಡಿದ್ದೇನೆಂದು ರುಜು ಹಾಕಿಕೊಟ್ಟ. ಪತ್ರ ಸಿಕ್ಕಿತು. ಬೆಂಗಳೂರಿನಲ್ಲಿ ಗಂಟಲಿಗೆ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಆರು ತಿಂಗಳಿಗೆ ಸಾಬ್‌ರು ಹರಿಹರಕ್ಕೆ ಮರಳಿ ಮತ್ತೆ ಮಷೀನು ತುಳಿಯತೊಡಗಿದರು.

ಸುದ್ದಿ ಹಳ್ಳಿಗಳಿಗೂ ಮುಟ್ಟಿತು. ಅನುಮಾನ ಬಂದವರೆಲ್ಲ ದಾವಣಗೆರೆಗೆ ಹೋಗಿ ಮೂರು ಊಟ ಉಣ್ಣತೊಡಗಿದರು. ತಡಮಾಡಿ ಹೋಗಿ ತೀರಿಕೊಂಡವರೂ ಅಲ್ಲಿನ ಪಟ್ಟಿಗೇ ಸೇರಿ, ಹನ್ನೊಂದು ಇಪ್ಪತ್ತಾರಾಯಿತು. ಹರಿಹರ ಸೊನ್ನೆಯಲ್ಲೇ ಉಳಿಯಿತು. ವರದಿ ನಿಜವೆಂದು ಎರಡೂ ಊರಿನವರು ಒಪ್ಪಿದರು.

ಮೂರನೇ ವರ್ಷದ ಒಂದು ಮುಂಜಾನೆ ವಾಮದೇವಪ್ಪನವರು ರಜೆ ಚೀಟಿ ಬರೆದಿಟ್ಟು ದಾವಣಗೆರೆ ಬಸ್ಸು ಹತ್ತಿದರು. ಕಂಡಕ್ಟರ್ ಉಚ್ಚೆಂಗಪ್ಪ ಟಿಕೆಟ್ ಹರಿಯುತ್ತಾ, ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದ: "ಗಂಟಲೇನ್ರಿ, ಹೊಟ್ಟೇನ್ರಿ?"

"ಹೊಟ್ಟೆ," ಎಂದರು ವಾಮದೇವಪ್ಪನವರು.

"ಹಂಗಾರೆ ಕಿಟಕಿ ಕಡೆ ಕೂಡ್ರಿ," ಎಂದು ಅವನು ಮುಂದಿನ ಸೀಟಿಗೆ ಹೋದ.