ರೇಡಿಯೇಟರ್ ಕುಡಿದ ನನ್ನ ಡಿಎನ್‌ಎ ಪಾಠ

ಜೀವಕೋಶದೊಳಗಿನ ಡಿಎನ್‌ಎಯನ್ನು ಗಾಜಿನ ಕಡ್ಡಿಗೆ ದಾರದಂತೆ ಸುತ್ತಿ ತೋರಿಸುವುದು ನನಗೆ ಎಡಗೈ ಕೆಲಸ. ಹಾಗೆಂದು ನಾನೇ ಊರೆಲ್ಲ ಹೇಳಿಕೊಂಡು ಬಂದಿದ್ದೆ. ಅಲ್ಲೇ ಎಡವಿದೆ.

ಎಂಬತ್ತರ ದಶಕದ ಆರಂಭ. ಹುಮನಾಬಾದಿನ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಮಾಸ್ತರ ನಾನು, ಮನೆ ಬಸವಕಲ್ಯಾಣದಲ್ಲಿ. ಹಿಂದಿನ ವರ್ಷ ಕಂಬಳಿಯ ಎಳೆಯೊಂದನ್ನು ಕಪ್ಪೆಯ ನರವೆಂದು ತೋರಿಸಿ ತಮಾಷೆ ಮಾಡಿದ್ದೆ. ಹುಡುಗರು ಪರೀಕ್ಷೆಯಲ್ಲೂ ಅದರ ಚಿತ್ರ ಬರೆದಿಟ್ಟರು! ಪ್ರಿನ್ಸಿಪಾಲರು ಅದನ್ನು ಮರೆತಿರಲಿಲ್ಲ.

"ಈ ಸರ್ತಿ ಕಂಬಳಿ ಗಿಂಬಳಿ ನಡ್ಯಾಂಗಿಲ್ರಿ ಮಾಸ್ತರ. ಖರೇ ದಾರ ತೋರಸ್ರಿ. ಇಲ್ಲಂದ್ರ ನಿಮ್ಮ ಲ್ಯಾಬಿನ ಖೋಲಿ ಆಟದ ಸಾಮಾನಿಗಿ ಕೊಟ್ಟುಬಿಡ್ತೀನಿ."

ಸಂಗತಿ ಸರಳ. ಡಿಎನ್‌ಎ ದಾರವು ಪ್ರೋಟೀನಿನ ಪುಟ್ಟ ಉರುಳೆಗಳಿಗೆ ಸುತ್ತಿಕೊಂಡು ಕ್ರೊಮ್ಯಾಟಿನ್ ಆಗಿ ಕೂತಿರುತ್ತದೆ. ಅದನ್ನು ಕತ್ತರಿಸುವ ಕಿಣ್ವವೂ ಅಲ್ಲೇ ಇರುತ್ತದೆ. ಆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಗದೆ ಆ ಕತ್ತರಿ ಬಾಯಿ ತೆರೆಯುವುದಿಲ್ಲ. ಆದ್ದರಿಂದ ಭಟ್ಟಿ ಇಳಿಸಿದ ನೀರಿಗೆ ಈ ಲೋಹಗಳನ್ನು ಹಿಡಿದಿಡುವ ಪುಡಿ ಬೆರೆಸಬೇಕು. ಮನೆಯಲ್ಲೇ ಬೆರೆಸಿ, ಐದು ಲೀಟರಿನ ಡಬ್ಬಿ ತುಂಬಿದೆ. ಡಿಎನ್‌ಎ ತೆಗೆಯಲು ತಂದ ಕುರಿಯ ಲಿವರಿಗೂ ಒಂದು ಡಬ್ಬಿ ಹುಡುಕಿದೆ.

"ನನ್ನ ಪಲ್ಯದ ಡಬ್ಬ್ಯಾಗ ಲಿವರ್ ಒಯ್ಯಾಕತ್ತೀರಿ?" ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಆ ಡಬ್ಬಿ ಇನ್ನ ಮನಿಗಿ ಬರೋದು ಬ್ಯಾಡ."

"ನಾನು ಬರಬಹುದೇನು?"

"ಅದು ಸಂಜಿಗಿ ವಿಚಾರ ಮಾಡ್ತೀನಿ."

ಕಾಲೇಜಿಗೆಂದು ಹತ್ತಿದ ಬಸ್ಸು ಸಸ್ತಾಪುರ ದಾಟುತ್ತಲೇ ಬುಸುಗುಟ್ಟಿ ನಿಂತಿತು. ರೇಡಿಯೇಟರ್ ಕುದಿಯುತ್ತಿತ್ತು. ಸುತ್ತ ತೊಗರಿ ಹೊಲ, ಹನಿ ನೀರಿಲ್ಲ. ಡ್ರೈವರನ ಕಣ್ಣು ನನ್ನ ಡಬ್ಬಿಯ ಮೇಲೆ ಬಿತ್ತು.

"ಮಾಸ್ತರ್ ಸಾಬ, ಜರಾ ನೀರ ಕೊಡ್ರಿ."

"ಇದು ನೀರಲ್ಲಪಾ, ವಿಜ್ಞಾನ!"

ಹಿಂದಿನ ಸೀಟಿನ ಮುದುಕಿ ತಡೆಯಲಿಲ್ಲ. "ಏ ತಮ್ಮಾ, ಶರಣರ ಕಲ್ಯಾಣದವ ಆಗಿ ನೀರ ಕೇಳಿದವಗ ಇಲ್ಲ ಅಂತೀಯೇನೋ?"

ಇಡೀ ಬಸ್ಸು ನನ್ನನ್ನು ನೋಡಿತು. ಕೊಟ್ಟೆ. ಐದು ಲೀಟರ್ ವಿಜ್ಞಾನವನ್ನು ರೇಡಿಯೇಟರ್ ಗಟಗಟ ಕುಡಿಯಿತು.

ಮುಂದಿನ ಹಳ್ಳಿಯಲ್ಲಿ ಡ್ರೈವರ ಇಳಿದು, ಬಾವಿಯ ನೀರನ್ನು ನನ್ನ ಡಬ್ಬಿಗೆ ಕಂಠಮಟ್ಟ ತುಂಬಿ ತಂದ. "ತಗೊಳ್ರಿ, ನಿಮ್ಮ ನೀರ ನಿಮಗ." ಕನ್ನಡಿಯಂಥ ನೀರು! ಪುಡಿ ಮುಗಿದಿತ್ತು, ಹೊತ್ತೂ ಆಗಿತ್ತು. ಇಪ್ಪತ್ತು ವರ್ಷ ಇದನ್ನೇ ಪಾಠ ಮಾಡಿದ ಮಹಾಪಂಡಿತ, ಒಂದು ದಿನಕ್ಕೆ ಏನಾದೀತು ಎಂದುಕೊಂಡೆ.

ಕಾಲೇಜಿನಲ್ಲಿ ಲಿವರನ್ನು ಅರೆದು ಆ ನೀರು ಸುರಿದೆ. ಪ್ರಿನ್ಸಿಪಾಲರು ಎದುರಿಗೇ ಕುಳಿತಿದ್ದರಿಂದ ಅರ್ಧ ಗಂಟೆ ಭಾಷಣವನ್ನೂ ಬಿಗಿದೆ. ಆಮೇಲೆ ಉಪ್ಪು, ಸಾಬೂನು, ಸ್ಪಿರಿಟ್. ಕಡ್ಡಿ ತಿರುಗಿಸಿದೆ. ದಾರವಿಲ್ಲ. ಮತ್ತೆ ತಿರುಗಿಸಿದೆ. ರಟ್ಟೆ ಸೋತಿತು.

ಪ್ರಿನ್ಸಿಪಾಲರು ಬಗ್ಗಿ ನೋಡಿದರು. "ದಾರ ಎಲ್ಲದರಿ? ಸಾರು ಇದ್ದಂಗ ಕಾಣಾಕತ್ತದ."

ಜೇಬಿಗೆ ಕೈ ಹಾಕಿದೆ. ಪ್ರಾಮಾಣಿಕನಾಗಲು ಹೊರಟಿದ್ದೆನಲ್ಲ, ಕಂಬಳಿಯ ಒಂದು ಎಳೆಯೂ ಇರಲಿಲ್ಲ!

ಸಂಜೆ ಹೆಂಡತಿ ಎಲ್ಲ ಕೇಳಿಸಿಕೊಂಡು ಹಣೆ ಬಡಿದುಕೊಂಡಳು. "ಅದು ನನ್ನ ತವರೂರ ಬಾವೀರಿ! ಆ ನೀರಾಗ ತೊಗರಿ ಬ್ಯಾಳಿ ಬೇಯಂಗಿಲ್ಲ. ನನಗೊಂದು ಮಾತು ಕೇಳಿದ್ರ ಏನಾಗ್ತಿತ್ತು?"

ಬೇಳೆ ಬೇಯದ ಗಡಸು ನೀರು! ಅದರ ತುಂಬ ಕ್ಯಾಲ್ಸಿಯಂ, ಮೆಗ್ನೀಸಿಯಂ. ನಾನು ಭಾಷಣ ಬಿಗಿಯುತ್ತಿದ್ದಾಗ ಕತ್ತರಿ ಎಚ್ಚರಗೊಂಡು, ಉರುಳೆ ಉರುಳೆಗಳ ನಡುವೆ ಬರಿದಾಗಿದ್ದ ದಾರವನ್ನು ಚೂರುಚೂರು ಮಾಡಿತ್ತು.

ಲ್ಯಾಬಿಗೆ ಫುಟ್‌ಬಾಲುಗಳು ಬಂದು ಕೂತವು. ನಾನು ಸುಸ್ತಾಗಿ ಅದೇ ಬಸ್ಸಿನಲ್ಲಿ ಓಡಾಡಿದೆ. ತಿಂಗಳ ನಂತರ ಡ್ರೈವರ ಹಲ್ಲು ಕಿರಿದ.

"ಮಾಸ್ತರ್ ಸಾಬ, ಅದೆಂಥಾ ನೀರ್ರಿ! ರೇಡಿಯೇಟರ್ನಾಗಿನ ಸುಣ್ಣೆಲ್ಲಾ ಸಾಫ್! ಬಂಡಿ ಗರಂ ಆಗವಲ್ದು!"

ಸುಣ್ಣದಲ್ಲಿರುವುದೂ ಕ್ಯಾಲ್ಸಿಯಮ್ಮೇ; ಲೋಹ ಹಿಡಿಯುವ ಪುಡಿ ತನ್ನ ಕೆಲಸ ಚೊಕ್ಕಟವಾಗಿ ಮಾಡಿತ್ತು. ಉಸ್ಸೆಂದು ಸೀಟಿಗೆ ಒರಗಿದೆ. ಇಷ್ಟು ವರ್ಷಗಳ ಮಾಸ್ತರಿಕೆಯಲ್ಲಿ ನನ್ನ ಪಾಠ ಪೂರ್ತಿ ತಲೆಗೆ ಹತ್ತಿದ್ದು ಒಂದು ರೇಡಿಯೇಟರಿಗೆ ಮಾತ್ರ!